ಅಲ್ಮುಗ್ ಯಾವ ಮರ? ಶ್ರೀಗಂಧ, ರಕ್ತಚಂದನ, ಲೆಬನೋನಿನ ಮರ: ನಿಮಗೆ ಯಾವುದು ಸರಿ

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಮೂರು ಬಗೆಯವರು. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಕಥೆ ಹೇಳುವವರು, ಹಳೆಯ ಪಠ್ಯಗಳನ್ನು ಕನ್ನಡಕ್ಕೆ ತರುವವರು, ಮತ್ತೆ ಸುಮ್ನೆ ಪದಗಳ ಬೆನ್ನು ಹತ್ತುವವರು. ಮೂವರೂ ಕೇಳುವುದು ಒಂದನ್ನೇ. ಬೈಬಲಿನಲ್ಲಿ ಸೊಲೊಮೋನ ರಾಜನಿಗೆ ಹಡಗಿನಲ್ಲಿ ಬಂದ 'ಅಲ್ಮುಗ್' ಎಂಬ ಮರ ಯಾವುದು? ಒಂದು ಕಡೆ ಶ್ರೀಗಂಧ ಎಂದಿದೆ, ಇನ್ನೊಂದು ಕಡೆ ರಕ್ತಚಂದನ ಎಂದಿದೆ. ಮತ್ತೊಬ್ಬರು ಲೆಬನೋನಿನ ಕಾಡು ತೋರಿಸುತ್ತಾರೆ. ಅದು ಮರವೇ ಅಲ್ಲ, ಹವಳ ಎನ್ನುವವರೂ ಇದ್ದಾರೆ.

ಈ ನಡುವೆ ನಾಲ್ಕನೆಯ ಬಗೆಯವರೂ ಸೇರಿಕೊಂಡಿದ್ದಾರೆ. ಮಕ್ಕಳ ನಾಟಕಕ್ಕೆ ಸೊಲೊಮೋನನ ಕಾಲದ ಪುಟ್ಟ ಕಿನ್ನರಿ ಮಾಡಿಸಬೇಕು, ಯಾವ ಮರ ತರಲಿ ಎಂದು ಒಬ್ಬರು ಕೇಳಿದರು. ಆಗ ಇದು ಬರೀ ಪದದ ಪ್ರಶ್ನೆಯಾಗಿ ಉಳಿಯಲಿಲ್ಲ. ಬಜೆಟ್ಟಿನ ಪ್ರಶ್ನೆಯೂ ಆಯಿತು.

ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಇಟ್ಟು ಹೋಲಿಸಿದ್ದೇನೆ. ನನ್ನ ಒಲವು ಯಾವ ಕಡೆ ಎಂದು ಓದುತ್ತ ಹೋದರೆ ಗೊತ್ತಾಗುತ್ತದೆ. ಆದರೆ ನಿಮ್ಮ ಕೆಲಸ ಬೇರೆಯಾದರೆ ನಿಮ್ಮ ಆಯ್ಕೆಯೂ ಬೇರೆಯಾಗಬಹುದು.

ಮೊದಲು ಪಠ್ಯ ಏನು ಹೇಳುತ್ತದೆ

ಈ ಮರ ಬರುವುದು ಬರೀ ಮೂರು ಕಡೆ. ಮೊದಲನೆಯದು 1 ಅರಸುಗಳು 10ನೇ ಅಧ್ಯಾಯದ 11 ಮತ್ತು 12ನೇ ವಚನ. ಶೆಬದ ರಾಣಿ ಸೊಲೊಮೋನನನ್ನು ನೋಡಲು ಬಂದ ಕಥೆ ನಡೆಯುತ್ತಿದೆ. ಮಧ್ಯದಲ್ಲಿ ಇದ್ದಕ್ಕಿದ್ದಂತೆ, ಲೆಬನೋನಿನ ಕರಾವಳಿಯ ತೂರ್ ಪಟ್ಟಣದ ರಾಜ ಹೀರಾಮನ ಹಡಗುಗಳು ಬರುತ್ತವೆ. ಓಫೀರ್ ಎಂಬ ದೂರದ ನಾಡಿನಿಂದ ಚಿನ್ನ ತಂದ ಆ ಹಡಗುಗಳು ಬಹಳ ಅಲ್ಮುಗ್ ಮರವನ್ನೂ ರತ್ನಗಳನ್ನೂ ತಂದವು. ರಾಜ ಆ ಮರದಿಂದ ದೇವಾಲಯಕ್ಕೂ ಅರಮನೆಗೂ ಆಧಾರಗಳನ್ನು ಮಾಡಿಸಿದ. ಹಾಡುವವರಿಗೆ ಕಿನ್ನರಿ, ಸ್ವರಮಂಡಲಗಳನ್ನು ಮಾಡಿಸಿದ. ಅಂಥ ಮರ ಮತ್ತೆ ಬರಲಿಲ್ಲ, ಈವರೆಗೆ ಯಾರೂ ಕಾಣಲಿಲ್ಲ ಎಂದು ಹೇಳಿ ಕಥೆ ಮತ್ತೆ ರಾಣಿಯ ಕಡೆ ತಿರುಗುತ್ತದೆ.

ಎರಡನೆಯದು 2 ಪೂರ್ವಕಾಲವೃತ್ತಾಂತ 9ನೇ ಅಧ್ಯಾಯ. ಅದೇ ಕಥೆ, ಚೂರು ಬದಲಾಗಿದೆ. ಅಲ್ಲಿ ಮರದ ಹೆಸರು 'ಅಲ್ಗುಮ್'. ಮಾಡಿಸಿದ್ದು ಆಧಾರಗಳನ್ನಲ್ಲ. ಅಲ್ಲಿರುವ ಪದಕ್ಕೆ ಮಾಮೂಲಿ ಅರ್ಥ 'ಎತ್ತರಿಸಿದ ದಾರಿ'. ಕೆಲವರು ಅದನ್ನು ಮೆಟ್ಟಿಲು ಎಂದು ಅನುವಾದಿಸುತ್ತಾರೆ.

ಮೂರನೆಯದು ಅದೇ ಪುಸ್ತಕದ 2ನೇ ಅಧ್ಯಾಯದ 8ನೇ ವಚನ. ತಲೆನೋವು ಶುರುವಾಗುವುದು ಇಲ್ಲೇ. ಸೊಲೊಮೋನ ತೂರಿನ ರಾಜನಿಗೆ ಕಾಗದ ಬರೆಯುತ್ತಾನೆ. ದೇವದಾರು, ತುರಾಯಿ, ಅಲ್ಗುಮ್ ಮರಗಳನ್ನು ಲೆಬನೋನಿನಿಂದ ಕಳಿಸು ಎನ್ನುತ್ತಾನೆ. ಲೆಬನೋನಿನಿಂದ! ಹಾಗಾದರೆ ಮಾರುದ್ದ ಸಮುದ್ರ ದಾಟಿ ಓಫೀರಿನಿಂದ ಬಂದದ್ದು ಏನು?

ಅಲ್ಮುಗ್, ಅಲ್ಗುಮ್ ಎಂದು ಅಕ್ಷರ ಹಿಂದುಮುಂದಾಗಿರುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಸಿಗ್ನಲ್ ನಮ್ಮ ಬಾಯಲ್ಲಿ ಸಿಂಗಲ್ ಆಗುತ್ತದೆ, ಡೆಸ್ಕ್ ಡೆಕ್ಸ್ ಆಗುತ್ತದೆ, ಅಲ್ವಾ? ಅದೇ ಥರ. ಎರಡರಲ್ಲಿ ಹಳೆಯ ರೂಪ ಅಲ್ಮುಗ್ ಎಂದು ನಂಬಲು ಗಟ್ಟಿ ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ. 1611ರ ಇಂಗ್ಲಿಷ್ ಬೈಬಲಿನವರು ಗೊಡವೆಯೇ ಬೇಡ ಎಂದು ಎರಡನ್ನೂ ಇದ್ದ ಹಾಗೇ ಬಿಟ್ಟರು. ಒಂದು ಪುಸ್ತಕದಲ್ಲಿ ಅಲ್ಮುಗ್, ಇನ್ನೊಂದರಲ್ಲಿ ಅಲ್ಗುಮ್.

ಅಳೆಯುವ ಕೋಲು

ಯಾವ ಮರವನ್ನಾದರೂ ಒಪ್ಪುವ ಮೊದಲು ನಾನು ಐದು ಪ್ರಶ್ನೆ ಕೇಳುತ್ತೇನೆ. ಅದು ದೂರದಿಂದ ಹಡಗಿನಲ್ಲಿ ತರುವಷ್ಟು ಬೆಲೆಯ ಮರವೇ? ಲೆಬನೋನಿನಲ್ಲಿ ಬೆಳೆಯುತ್ತದೆಯೇ, ಇಲ್ಲವಾದರೆ ಆ ಕಾಗದಕ್ಕೆ ಏನು ಉತ್ತರ? ಕಟ್ಟಡಕ್ಕೂ ವಾದ್ಯಕ್ಕೂ ಎರಡಕ್ಕೂ ಬರುತ್ತದೆಯೇ? ಹೆಸರಿನ ನಂಟು ಇದೆಯೇ? ಕೊನೆಯದಾಗಿ, ಪಠ್ಯದಲ್ಲಿ ಇಲ್ಲದ ಗುಣವನ್ನು ನಾವೇ ಅದಕ್ಕೆ ಅಂಟಿಸುತ್ತಿದ್ದೇವೆಯೇ?

ಐದರಲ್ಲೂ ಪಾಸಾಗುವ ಮರ ಒಂದೂ ಇಲ್ಲ. ಇದ್ದಿದ್ದರೆ ಎರಡು ಸಾವಿರ ವರ್ಷದ ಜಗಳ ಯಾವಾಗಲೋ ಮುಗಿಯುತ್ತಿತ್ತು. ಹಾಗಾಗಿ ಯಾವ ಪ್ರಶ್ನೆಗೆ ಎಷ್ಟು ತೂಕ ಎಂದು ನೀವೇ ನಿರ್ಧರಿಸಬೇಕು.

ಮೂರನೆಯ ಪ್ರಶ್ನೆಯ ಬಗ್ಗೆ ಒಂದು ಮಾತು. 'ಆಧಾರ' ಎಂದು ನಾನು ಬರೆದ ಹೀಬ್ರೂ ಪದ 'ಮಿಸ್ಆದ್' ಇಡೀ ಹೀಬ್ರೂ ಬೈಬಲಿನಲ್ಲಿ ಇಲ್ಲೊಂದೇ ಕಡೆ ಬರುತ್ತದೆ. ಕಂಬ ಎಂದು ಬಹಳ ಜನ ಅನುವಾದಿಸಿದ್ದಾರೆ. ಆದರೆ ಅದರ ಬೇರಿನ ಅರ್ಥ 'ಊರೆ ಕೊಡು, ಆಸರೆ ಕೊಡು' ಎಂದು ಅಷ್ಟೇ. ಕೈಯೂರುವ ಕಟಾಂಜನವೂ ಆಗಬಹುದು. ಕಂಬ ಎಂದುಕೊಂಡರೆ ದಪ್ಪ ದಿಮ್ಮಿ ಬೇಕು. ಕಟಾಂಜನ ಎಂದುಕೊಂಡರೆ ತೆಳುವಾದ ಮರವೂ ಸಾಕು. ಈ ಒಂದು ಪದ ಎಷ್ಟೋ ಮರಗಳ ಹಣೆಬರಹ ಬದಲಿಸುತ್ತದೆ.

ಶ್ರೀಗಂಧ: ಮನಸ್ಸು ಹೌದು ಅನ್ನುತ್ತದೆ, ಪಠ್ಯ ಅನ್ನುವುದಿಲ್ಲ

ಕನ್ನಡದವರು ಮೊದಲು ಕೈ ಎತ್ತುವುದು ಇದಕ್ಕೇ. ಗಂಧದ ನಾಡು ಎಂದು ಹೇಳಿಕೊಳ್ಳುವವರು ನಾವು. ಸೊಲೊಮೋನನ ಅರಮನೆಯಲ್ಲಿ ನಮ್ಮ ಕಾಡಿನ ಮರ ಇತ್ತು ಎಂದರೆ ಯಾರಿಗೆ ಖುಷಿಯಾಗಲ್ಲ?

ಈ ಮಾತು ನಾವು ಹುಟ್ಟಿಸಿದ್ದೂ ಅಲ್ಲ. 19ನೇ ಶತಮಾನದಲ್ಲಿ ಸಂಸ್ಕೃತ ಪಂಡಿತರಾದ ಕ್ರಿಶ್ಚಿಯನ್ ಲಾಸೆನ್, ಆಮೇಲೆ ಮ್ಯಾಕ್ಸ್ ಮುಲ್ಲರ್ ಇದನ್ನು ಹೇಳಿದರು. ಸಂಸ್ಕೃತದಲ್ಲಿ ಗಂಧಕ್ಕೆ 'ವಲ್ಗುಕ' ಎಂಬ ಹೆಸರಿದೆ, ಅದೇ ಅಲ್ಗುಮ್ ಆಯಿತು ಎಂದು ಅವರ ವಾದ. ಗಂಧ ಬೆಳೆಯುವುದು ಮಲಬಾರ್ ಕರಾವಳಿಯಲ್ಲಿ, ಆದ್ದರಿಂದ ಓಫೀರಿನ ಹಡಗುಗಳು ಭಾರತಕ್ಕೆ ಬಂದಿದ್ದವು ಎಂದು ಮುಲ್ಲರ್ ಮುಂದುವರಿಸಿದರು. ಜೊತೆಗೆ ಅದೇ ಅಧ್ಯಾಯದ 22ನೇ ವಚನದಲ್ಲಿ ಇನ್ನೊಂದು ಹಡಗುಪಡೆ ಬರುತ್ತದೆ. ಅದರಲ್ಲಿ ದಂತ, ಕೋತಿ, ನವಿಲು ಇರುತ್ತವೆ. ನವಿಲಿಗೆ ಅಲ್ಲಿರುವ ಪದ 'ತುಕ್ಕಿ'. ತಮಿಳಿನ ತೋಗೈ, ನಮ್ಮ ತೋಕೆ ನೆನಪಾಗುತ್ತದೆ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ದ್ರಾವಿಡ ಭಾಷೆಗಳ ವ್ಯಾಕರಣ ಬರೆದಾಗ ಈ ನಂಟನ್ನು ಎತ್ತಿ ಹಿಡಿದರು. ನವಿಲಿನ ವಾದ ಇಂದಿಗೂ ಪೂರ್ತಿ ಬಿದ್ದಿಲ್ಲ.

ಇನ್ನೊಂದು ಅಂಶವೂ ಶ್ರೀಗಂಧದ ಪರ ಇದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲಿನಲ್ಲಿ ಕ್ರಿ.ಪೂ. 1300ರ ಸುಮಾರಿನ ಗಂಧದ ಮರದ ಇದ್ದಿಲು ಸಿಕ್ಕಿದೆ. ಸೊಲೊಮೋನನ ಕಾಲ ಕ್ರಿ.ಪೂ. 10ನೇ ಶತಮಾನ. ಅಂದರೆ ಅವನಿಗಿಂತ ಮುಂಚೆಯೇ ಈ ಮರ ಇಲ್ಲಿತ್ತು. ಅದನ್ನು ಇಲ್ಲಿಂದ ಯಾರಾದರೂ ಒಯ್ದರೇ ಎಂಬುದು ಬೇರೆ ಮಾತು.

ಈಗ ಎದುರು ಪಕ್ಷ. ವಲ್ಗುಕ ಎಂಬ ಹೆಸರು ಗಂಧಕ್ಕೆ ಸಿಗುವುದು ತಡವಾಗಿ ಬಂದ ಕೋಶಗಳಲ್ಲಿ. 1967ರಲ್ಲಿ ಜೋನಸ್ ಗ್ರೀನ್‌ಫೀಲ್ಡ್ ಮತ್ತು ಮಾನ್‌ಫ್ರೆಡ್ ಮೈರ್‌ಹೋಫರ್ ಎಂಬ ಭಾಷಾ ಪಂಡಿತರು ಈ ಪದವನ್ನು ಮತ್ತೆ ತೂಗಿ ನೋಡಿ ಸಂಸ್ಕೃತದ ನಂಟನ್ನು ಕೈಬಿಟ್ಟರು. ಗಾತ್ರದಲ್ಲೂ ತೊಂದರೆ. ಶ್ರೀಗಂಧ ಚಿಕ್ಕ ಮರ. ಪಕ್ಕದ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ಆಹಾರ ಕದಿಯುತ್ತ ನಿಧಾನವಾಗಿ ಬೆಳೆಯುವಂಥದ್ದು. ಬೆಲೆ ಇರುವುದು ಒಳಗಿನ ಚೇಗಿಗೆ. ಸಾಗರ, ಸೊರಬದ ಗುಡಿಗಾರರು ಅದರಲ್ಲಿ ಪೆಟ್ಟಿಗೆ, ಮೂರ್ತಿ, ಮಂಟಪ ಕೆತ್ತುತ್ತಾರೆ. ಮನೆಗೆ ಕಂಬ ನಿಲ್ಲಿಸುವುದಿಲ್ಲ. ವಾದ್ಯಕ್ಕೂ ನಮ್ಮವರು ಅದನ್ನು ಆರಿಸಲಿಲ್ಲ. ವೀಣೆಗೆ ಮೈಸೂರಿನಲ್ಲಿ ಬೀಟೆ, ತಂಜಾವೂರಿನಲ್ಲಿ ಹಲಸು. ಮರದ ಪಕ್ಕದಲ್ಲೇ ಹುಟ್ಟಿ ಬೆಳೆದವರೇ ಬಿಟ್ಟದ್ದನ್ನು ಯೆರೂಸಲೇಮಿನ ಬಡಗಿಗಳು ಹಿಡಿದರೇ ಎಂದು ನನಗೆ ಅನುಮಾನ.

ಆದರೆ ನನ್ನ ಮಟ್ಟಿಗೆ ಶ್ರೀಗಂಧವನ್ನು ಬೀಳಿಸುವುದು ಇದ್ಯಾವುದೂ ಅಲ್ಲ, ಐದನೆಯ ಪ್ರಶ್ನೆ. ಮೂರೂ ಕಡೆ ಓದಿ ನೋಡಿ. ಪರಿಮಳದ ಒಂದು ಮಾತೂ ಇಲ್ಲ. ಅದೂ ಎಲ್ಲಿ? ಅದರ ಹಿಂದಿನ ವಚನದಲ್ಲೇ ಶೆಬದ ರಾಣಿ ತಂದ ಸುಗಂಧದ್ರವ್ಯದ ವರ್ಣನೆ ಇದೆ. ಅಷ್ಟೊಂದು ಸುಗಂಧ ಮತ್ತೆಂದೂ ಬರಲಿಲ್ಲ ಎಂದು ಬರೆದ ಅದೇ ಲೇಖನಿ, ಮರದ ವಿಷಯಕ್ಕೆ ಬಂದಾಗ ವಾಸನೆಯನ್ನು ಮರೆಯಿತೇ? ಮೂಗಿಗೆ ಬಡಿಯುವ ಮರ ಬಂದಿದ್ದರೆ ಅದನ್ನು ಬಿಟ್ಟು ಆಧಾರ, ಕಿನ್ನರಿ ಎಂದು ಎಣಿಸುತ್ತ ಕೂರುತ್ತಿದ್ದರೇ? ಕನ್ನಡದಲ್ಲಿ 'ಗಂಧದ ಮರ' ಎಂದು ಬರೆದ ಕ್ಷಣ ಓದುಗರ ಮೂಗಿಗೆ ವಾಸನೆ ಬರುತ್ತದೆ. ಮೂಲದಲ್ಲಿ ಇಲ್ಲದ್ದನ್ನು ಆ ಒಂದು ಪದ ಸೇರಿಸಿಬಿಡುತ್ತದೆ.

(ಬೈಬಲಿನಲ್ಲಿ ನಿಜಕ್ಕೂ ಪರಿಮಳದ ಮರ ಒಂದಿದೆ. ಕೀರ್ತನೆಗಳಲ್ಲಿ, ಪರಮಗೀತೆಯಲ್ಲಿ ಬರುವ 'ಅಹಾಲೋತ್'. ಅದು ನಮ್ಮ ಅಗರು ಎಂದು ಬಹಳ ಜನ ಒಪ್ಪುತ್ತಾರೆ. ಅಲ್ಮುಗ್‌ನ ಜೊತೆ ಅದನ್ನು ಕಲಸಿಕೊಳ್ಳಬೇಡಿ.)

ರಕ್ತಚಂದನ: ಕೈಗೆ ಒಪ್ಪುವ ಮರ

ನಿಘಂಟುಗಳಲ್ಲಿ, ಬೈಬಲ್ ಕೈಪಿಡಿಗಳಲ್ಲಿ ಜಾಸ್ತಿ ಕಾಣುವ ಉತ್ತರ ಇದು. ಹೆಸರಿನಲ್ಲಿ ಚಂದನ ಇದ್ದರೂ ಶ್ರೀಗಂಧಕ್ಕೂ ಇದಕ್ಕೂ ರಕ್ತಸಂಬಂಧ ಇಲ್ಲ. ಇದು ಬೇಳೆಕಾಳುಗಳ ಕುಟುಂಬದ ಮರ. ನಮ್ಮ ಕಾಡಿನ ಹೊನ್ನೆಗೆ ಒಡಹುಟ್ಟು. ಇದರ ಸ್ವಂತ ನೆಲ ಆಂಧ್ರದ ಶೇಷಾಚಲ, ಕಡಪ, ಚಿತ್ತೂರು ಸುತ್ತಿನ ಪೂರ್ವಘಟ್ಟ. ಕಡಿದರೆ ಒಳಗೆ ಗಾಢ ಕೆಂಪು. ಚೇಗು ಎಷ್ಟು ಭಾರ ಎಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. ವಾಸನೆ ಇಲ್ಲವೆಂದರೂ ನಡೆಯುತ್ತದೆ.

ಅಳತೆಗೋಲಿಗೆ ಹಿಡಿಯೋಣ. ದೂರದಿಂದ ತರುವ ಬೆಲೆ ಇದೆಯೇ? ಖಂಡಿತ ಇದೆ. ಇವತ್ತಿಗೂ ಕಳ್ಳಸಾಗಣೆಯ ಸುದ್ದಿ ನಿಂತಿಲ್ಲ. ವಾದ್ಯ? ಇಲ್ಲಿ ಇದು ಎಲ್ಲರನ್ನೂ ಹಿಂದೆ ಹಾಕುತ್ತದೆ. ಜಪಾನಿನಲ್ಲಿ ಶಾಮಿಸೆನ್ ಎಂಬ ಮೂರು ತಂತಿಯ ವಾದ್ಯದ ಕೊರಳಿಗೆ ಈ ಮರವನ್ನೇ ಹುಡುಕುತ್ತಾರೆ. ಅಲೆಯಲೆಯಾದ ನಾರು ಇರುವ ದಿಮ್ಮಿಗೆ ಇನ್ನೂ ಬೇಡಿಕೆ. ತಂತಿ ಎಳೆದು ಬಿಗಿದರೂ ಬಾಗದ ಮರ ಬೇಕಾದವರಿಗೆ ಇದು ಹೇಳಿ ಮಾಡಿಸಿದ್ದು. ಕಟ್ಟಡ? ಎತ್ತರದ ಕಂಬಕ್ಕೆ ಕಷ್ಟ. ಕಟಾಂಜನ, ಮೆಟ್ಟಿಲ ಹಲಗೆ, ಚೌಕಟ್ಟು ಆದರೆ ಸಲೀಸು. ಮೇಲೆ ಹೇಳಿದ ಆ ಒಂಟಿ ಪದವನ್ನು ಆಸರೆ ಎಂದು ಓದಿದರೆ ರಕ್ತಚಂದನ ಗೆಲ್ಲುತ್ತದೆ.

ಸೋಲುವುದು ಎರಡು ಕಡೆ. ಲೆಬನೋನಿನಲ್ಲಿ ಇದು ಬೆಳೆಯುವುದಿಲ್ಲ. ಹೆಸರಿನ ನಂಟೂ ಇಲ್ಲ. ಇದರ ಸಂಸ್ಕೃತ, ತೆಲುಗು, ತಮಿಳು ಹೆಸರು ಯಾವುದನ್ನು ತಿರುಚಿದರೂ ಅಲ್ಮುಗ್ ಆಗುವುದಿಲ್ಲ. ಮೂರನೆಯ ಕೊಕ್ಕೆಯೂ ಒಂದಿದೆ. ಒಂದನೆಯ ಶತಮಾನದ ಯೆಹೂದಿ ಇತಿಹಾಸಕಾರ ಜೋಸೆಫಸ್ ಈ ಮರದ ಬಗ್ಗೆ ಬರೆಯುತ್ತ, ಅದು ನೋಡಲು ಅಂಜೂರದ ಮರದ ಹಾಗೆ, ಆದರೆ ಅದಕ್ಕಿಂತ ಬಿಳುಪು, ಹೊಳಪು ಜಾಸ್ತಿ ಎನ್ನುತ್ತಾನೆ. ಬಿಳುಪು! ಕೆಂಪಲ್ಲ. ಅವನು ಸೊಲೊಮೋನನಿಗೆ ಸುಮಾರು ಸಾವಿರ ವರ್ಷದ ನಂತರದವನು. ಕಣ್ಣಾರೆ ಕಂಡಿರುವ ಸಂಭವ ಕಡಿಮೆ. ಆದರೂ ರಕ್ತಚಂದನದವರು ಅವನನ್ನು ನೋಡದ ಹಾಗೆ ದಾಟಿಹೋಗುವುದು ಸರಿಯಲ್ಲ.

ಅದೇ ಜಾಗದಲ್ಲಿ ಜೋಸೆಫಸ್ ಇನ್ನೊಂದು ಮಾತು ಹೇಳುತ್ತಾನೆ. ನನಗೆ ಅದೇ ಹೆಚ್ಚು ಇಷ್ಟ. ಈಗ ಆ ಹೆಸರಿನಲ್ಲಿ ಮಾರುವ ಮರ ಅದಲ್ಲ, ಕೊಳ್ಳುವವರು ಬೆರಗಾಗಲಿ ಎಂದು ವ್ಯಾಪಾರಿಗಳು ಆ ಹೆಸರು ಇಟ್ಟಿದ್ದಾರೆ ಎನ್ನುತ್ತಾನೆ. ಯಾವುದೋ ಕಟ್ಟಿಗೆಯ ಮಣಿಯನ್ನು ಸೆಂಟಿನಲ್ಲಿ ಅದ್ದಿ ಗಂಧದ ಮಾಲೆ ಎಂದು ಮಾರುವವರನ್ನು ನಾವು ಕಂಡಿಲ್ಲವೇ? ಎರಡು ಸಾವಿರ ವರ್ಷದ ಹಿಂದೆಯೂ ಇದೇ ಕಸುಬು ಇತ್ತು.

ಲೆಬನೋನಿನ ಎಲಮ್ಮಕ್ಕು: ಹೆಸರು ಕೂಡಿಬರುವುದು ಇಲ್ಲಿ

ಈಗ ಭಾರತವನ್ನು ಸ್ವಲ್ಪ ಹೊತ್ತು ಮರೆಯಿರಿ. ಸಿರಿಯಾದ ಕರಾವಳಿಯಲ್ಲಿ ಉಗರಿತ್ ಎಂಬ ಪಟ್ಟಣ ಇತ್ತು. ಕ್ರಿ.ಪೂ. 1200ರ ಹೊತ್ತಿಗೆ ಹಾಳಾಯಿತು. 1929ರಲ್ಲಿ ಅಗೆಯಲು ಶುರುಮಾಡಿದಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಅಲ್ಲಿನ ಒಂದು ಪಟ್ಟಿಯಲ್ಲಿ 'ಅಲ್ಮ್ಗ್' ಎಂಬ ಪದ ಇದೆ. ಸ್ವರಗಳನ್ನು ಬರೆಯದ ಲಿಪಿ ಅದು. ಅಕ್ಷರಗಳ ಕ್ರಮ ನೋಡಿ: ಅರಸುಗಳ ಪುಸ್ತಕದಲ್ಲಿ ಇರುವ ಹಾಗೇ ಮೊದಲು ಮ, ಆಮೇಲೆ ಗ. ಅಲ್ಮುಗ್ ಹಳೆಯ ರೂಪ ಎಂದು ನಾನು ಹೇಳಿದ್ದು ಇದನ್ನು ನಂಬಿ.

ಇನ್ನೂ ಹಿಂದೆ ಹೋಗಿ. ಯೂಫ್ರೆಟಿಸ್ ದಂಡೆಯ ಮಾರಿ ಎಂಬ ರಾಜ್ಯದಲ್ಲಿ ಕ್ರಿ.ಪೂ. 1800ರ ಸುಮಾರಿಗೆ ಯಹ್ದುನ್-ಲಿಮ್ ಎಂಬ ರಾಜ ಇದ್ದ. ತಾನು ಪಶ್ಚಿಮ ಸಮುದ್ರದವರೆಗೂ ಹೋಗಿ, ದೊಡ್ಡ ಬೆಟ್ಟಗಳನ್ನು ಹತ್ತಿ, ಬಾಕ್ಸ್ ಮರ, ದೇವದಾರು, ಸೈಪ್ರೆಸ್, ಎಲಮ್ಮಕ್ಕು ಮರಗಳನ್ನು ಕಡಿದು ತಂದೆ ಎಂದು ಅವನು ಬರೆಸಿದ್ದಾನೆ. ಅಕ್ಕಾಡಿ ಭಾಷೆಯ ಈ 'ಎಲಮ್ಮಕ್ಕು' ಮತ್ತು ನಮ್ಮ ಅಲ್ಮುಗ್ ಒಂದೇ ಪದ ಎಂದು ಇವತ್ತು ಬಹಳ ಮಂದಿ ಪಂಡಿತರು ಒಪ್ಪುತ್ತಾರೆ. ಅದಾಗಿ ಸಾವಿರ ವರ್ಷದ ಮೇಲೆ ಅಸ್ಸೀರಿಯದ ರಾಜ ಸನ್ಹೇರೀಬ ನಿನೆವೆಯಲ್ಲಿ ಅರಮನೆ ಕಟ್ಟಿಸಿದಾಗ ದಂತ, ಎಬೊನಿ, ದೇವದಾರುಗಳ ಸಾಲಿನಲ್ಲಿ ಈ ಮರವನ್ನೂ ಹೆಸರಿಸಿದ್ದಾನೆ.

ಇದರ ಮೇಲೆ ಕೋಲು ಹಿಡಿದರೆ ಹೆಸರಿಗೆ ಪೂರ್ತಿ ಅಂಕ, ಲೆಬನೋನಿಗೆ ಪೂರ್ತಿ ಅಂಕ, ಅರಮನೆ ಕಟ್ಟುವ ಮರ ಎಂಬುದಕ್ಕೂ ಪೂರ್ತಿ ಅಂಕ. ಬೀಳುವುದು ಓಫೀರಿನಲ್ಲಿ. ತೂರಿನ ಹಿಂದಿನ ಬೆಟ್ಟದಲ್ಲೇ ಸಿಗುವ ಮರವನ್ನು ಕೆಂಪು ಸಮುದ್ರದಲ್ಲಿ ಹಡಗು ಬಿಟ್ಟು ಯಾಕೆ ತರಬೇಕು? 'ಈವರೆಗೆ ಯಾರೂ ಕಾಣಲಿಲ್ಲ' ಎಂದು ಯಾಕೆ ಬರೆಯಬೇಕು? ಇನ್ನೊಂದು ಕೊರತೆ ಎಂದರೆ ಎಲಮ್ಮಕ್ಕು ಇಂದಿನ ಯಾವ ಮರ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಜುನಿಪರ್ ಜಾತಿಯ ದೊಡ್ಡ ಮರ ಎನ್ನುವವರು ಇದ್ದಾರೆ. ಒಂದು ಒಗಟು ಬಿಡಿಸಿ ಇನ್ನೊಂದನ್ನು ಕೈಗೆ ಕೊಟ್ಟ ಹಾಗೆ.

ಈ ಗಂಟನ್ನು ಬಿಡಿಸಲು ನನಗೆ ನಮ್ಮ ಅಡುಗೆಮನೆ ಸಹಾಯ ಮಾಡಿತು. ಸೀಮೆಬದನೆ ಬದನೆಯಲ್ಲ. ಸೀಮೆಹುಣಸೆ ಹುಣಸೆಯಲ್ಲ. ಸೀಮೆಎಣ್ಣೆಯನ್ನು ಒಗ್ಗರಣೆಗೆ ಹಾಕುವುದಿಲ್ಲ. ಹೊಸ ವಸ್ತು ಬಂದಾಗ ನಾವು ಹಳೆಯ ಹೆಸರನ್ನೇ ಅದಕ್ಕೆ ತೊಡಿಸುತ್ತೇವೆ, ಆಮೇಲೆ 'ಸೀಮೆ' ಬಿದ್ದುಹೋದರೂ ಹೋಗಬಹುದು. ತೂರಿನ ನಾವಿಕರೂ ಹಾಗೇ ಮಾಡಿರಬಹುದಲ್ಲ? ಅವರ ಮನೆಬೆಟ್ಟದಲ್ಲಿ ಅಲ್ಮುಗ್ ಎಂಬ ಒಳ್ಳೆಯ ಮರ ಇತ್ತು. ಪರದೇಶದಲ್ಲಿ ಅದನ್ನು ಮೀರಿಸುವ ಮರ ಕಂಡರು. ಇದೂ ಅಲ್ಮುಗ್, ಆದರೆ ಇಂಥದ್ದು ಯಾರೂ ಕಂಡಿಲ್ಲ ಎಂದರು. ಹಾಗಿದ್ದರೆ ಹೆಸರು ಲೆಬನೋನಿನದು, ಮರ ಓಫೀರಿನದು. ಇದಕ್ಕೆ ಸಾಕ್ಷಿ ಇಲ್ಲ, ನನ್ನ ಊಹೆ ಅಷ್ಟೇ. ಆದರೆ ಮೂರೂ ವಚನಗಳು ಜಗಳವಿಲ್ಲದೆ ಒಟ್ಟಿಗೆ ಕೂರುವುದು ಹೀಗೆ ಓದಿದಾಗ.

ಪೂರ್ವಕಾಲವೃತ್ತಾಂತ ಬರೆದವರಿಗೆ ಗೊಂದಲವಾಗಿತ್ತು ಎಂಬ ಇನ್ನೊಂದು ದಾರಿಯೂ ಇದೆ. ಆ ಪುಸ್ತಕ ಬರೆದದ್ದು ಬಾಬಿಲೋನಿನ ಸೆರೆಯ ನಂತರ, ಶತಮಾನಗಳು ಕಳೆದ ಮೇಲೆ. ಬೆಲೆಬಾಳುವ ಮರ ಎಂದರೆ ಲೆಬನೋನಿನದೇ ಇರಬೇಕು ಎಂದುಕೊಂಡು ಕಾಗದದಲ್ಲಿ ಸೇರಿಸಿರಬಹುದು. ಓಫೀರ್ ಎಲ್ಲಿ ಎಂಬ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಅರೇಬಿಯಾ, ಆಫ್ರಿಕಾದ ಕೊಂಬು, ಮುಂಬೈ ಪಕ್ಕದ ಸೋಪಾರ, ಎಲ್ಲಕ್ಕೂ ವಕೀಲರಿದ್ದಾರೆ.

ಬೇಗ ಮುಗಿಸಬಹುದಾದ ಮೂರು

ಗ್ರೀಕ್ ಅನುವಾದಕರು ಅರಸುಗಳಲ್ಲಿ 'ಕೆತ್ತದ ಮರ' ಎಂದೂ ಪೂರ್ವಕಾಲವೃತ್ತಾಂತದಲ್ಲಿ 'ಪೈನ್ ಮರ' ಎಂದೂ ಬರೆದರು. ಅಂದರೆ ಅವರ ಕಾಲಕ್ಕೇ ಅರ್ಥ ಕಳೆದುಹೋಗಿತ್ತು. ಪೈನ್ ಅಪರೂಪದ ಮರವೇನಲ್ಲ, ಬಿಟ್ಟುಬಿಡಿ.

ಲ್ಯಾಟಿನ್ ಬೈಬಲ್ ಓಫೀರಿನ ಕಥೆಯಲ್ಲಿ 'ಥೈನ್' ಮರ ಎಂದಿತು. ಪ್ರಕಟನೆ 18:12ರಲ್ಲಿ ಬಾಬಿಲೋನಿನ ವ್ಯಾಪಾರಿಗಳ ಪಟ್ಟಿಯಲ್ಲಿ ಬರುವ ಮರ ಇದು. ಮೊರಾಕೊ, ಅಲ್ಜೀರಿಯಾದ ಅಟ್ಲಾಸ್ ಬೆಟ್ಟಗಳಲ್ಲಿ ಬೆಳೆಯುತ್ತದೆ. ಬುಡದ ಗಂಟಿನಲ್ಲಿ ನವಿಲುಗರಿಯ ಹಾಗೆ ಚಿತ್ತಾರ. ರೋಮಿನ ಶ್ರೀಮಂತರು ಇದರ ಮೇಜಿಗೆ ಹುಚ್ಚೆದ್ದಿದ್ದರು. ರೋಮಿನ ಭಾಷಣಕಾರ ಸಿಸೆರೊ ಒಂದು ಮೇಜಿಗೆ 5 ಲಕ್ಷ ಸೆಸ್ಟರ್ಸ್ ನಾಣ್ಯ ಕೊಟ್ಟ ಎಂದು ಅಲ್ಲಿನ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಅನುವಾದಕರಿಗೆ ಬೆಲೆಬಾಳುವ ಮರ ಎಂದಾಗ ಅವರ ಕಾಲದ ಬೆಲೆಬಾಳುವ ಮರವೇ ನೆನಪಾಯಿತು, ನಮಗೆ ಗಂಧ ನೆನಪಾಗುವ ಹಾಗೆ. ಆದರೆ ಸೊಲೊಮೋನನ ಹಡಗು ಹೊರಟದ್ದು ಅಕಾಬಾ ಕೊಲ್ಲಿಯ ಎಚ್ಯೋನ್ಗೆಬೆರಿನಿಂದ, ಕೆಂಪು ಸಮುದ್ರದ ಕಡೆಗೆ. ಅಟ್ಲಾಸ್ ಇರುವುದು ತದ್ವಿರುದ್ಧ ದಿಕ್ಕಿನಲ್ಲಿ.

ಇನ್ನು ಹವಳ. ಯೆಹೂದಿಗಳ ಧರ್ಮಗ್ರಂಥ ತಾಲ್ಮುದಿನಲ್ಲಿ ಈ ಅರ್ಥ ಇದೆ, ರಾಶಿ ಎಂಬ ದೊಡ್ಡ ವ್ಯಾಖ್ಯಾನಕಾರರೂ ಹಾಗೇ ಹೇಳಿದರು. ಇವತ್ತಿನ ಇಸ್ರೇಲಿನಲ್ಲಿ 'ಅಲ್ಮೋಗ್' ಎಂದರೆ ಹವಳವೇ. ಕೊಂಬೆಕೊಂಬೆಯಾಗಿ ಮರದ ಹಾಗೆ ಕಾಣುವುದರಿಂದ ಈ ಅರ್ಥ ಹುಟ್ಟಿರಬೇಕು. ಆದರೆ ಹವಳದಲ್ಲಿ ಕಿನ್ನರಿ ಮಾಡಿ ನುಡಿಸಿದವರನ್ನು ನಾನು ಕಂಡಿಲ್ಲ.

ನಿಮ್ಮ ಕೆಲಸಕ್ಕೆ ಯಾವುದು

ಅನುವಾದ ಮಾಡುತ್ತಿದ್ದೀರಾ? ಹಾಗಾದರೆ 'ಅಲ್ಮುಗ್ ಮರ' ಎಂದೇ ಬಿಡಿ. ಎರಡನೆಯ ಪುಸ್ತಕದಲ್ಲಿ 'ಅಲ್ಗುಮ್ ಮರ'. ಓದುಗರಿಗೆ ಅರ್ಥ ಆಗಲ್ಲ ಎಂಬ ಭಯ ಇದ್ದರೆ 'ಅಲ್ಮುಗ್ ಎಂಬ ಬೆಲೆಬಾಳುವ ಮರ' ಎನ್ನಿ. ಪಠ್ಯಕ್ಕೆ ಎರಡು ಪದ ಹೆಚ್ಚಾಗುತ್ತದೆ, ಸುಳ್ಳು ಸೇರುವುದಿಲ್ಲ. ಒಂದೇ ಕನ್ನಡ ಹೆಸರನ್ನು ಮೂರೂ ಕಡೆ ಹಾಕಿದರೆ ಓದು ಸಲೀಸು ನಿಜ. ಆದರೆ 'ಲೆಬನೋನಿನಿಂದ ಗಂಧದ ಮರ ಕಳಿಸು' ಎಂದು ಸೊಲೊಮೋನನ ಕೈಯಲ್ಲಿ ಬರೆಸಿದ ಹಾಗಾಗುತ್ತದೆ. ಅಲ್ಲಿ ಗಂಧ ಎಲ್ಲಿಂದ ಬರಬೇಕು?

ಕಥೆ ಹೇಳುತ್ತೀರಾ, ಮಕ್ಕಳ ಮುಂದೆ? ರಕ್ತಚಂದನ ಹಿಡಿಯಿರಿ, 'ಅಂಥದ್ದೊಂದು ಮರ' ಎಂದು ಮಾತು ಸೇರಿಸಿ. ಕೆಂಪು, ಭಾರ, ನೀರಿನಲ್ಲಿ ಮುಳುಗುತ್ತದೆ ಎಂದರೆ ಮಕ್ಕಳ ಕಣ್ಣಿಗೆ ಕಟ್ಟುತ್ತದೆ. ಚರ್ಚಿನ ಪ್ರಸಂಗದಲ್ಲಿ ಹೇಳುವವರಿಗೂ ಇದೇ ಸಾಕು. ಆದರೆ 'ನಮ್ಮ ನಾಡಿನ ಮರ ದೇವಾಲಯದಲ್ಲಿತ್ತು' ಎಂಬ ಸಾಲನ್ನು ದಯವಿಟ್ಟು ಬಿಡಿ. ಚಪ್ಪಾಳೆ ಸಿಗುತ್ತದೆ, ಆಧಾರ ಸಿಗುವುದಿಲ್ಲ.

ಪದದ ಮೂಲ ಹುಡುಕುವವರಿಗೆ ಎಲಮ್ಮಕ್ಕು ಬಿಟ್ಟರೆ ಬೇರೆ ದಾರಿ ಇಲ್ಲ. ಧ್ವನಿಯ ಹೋಲಿಕೆ ಕಂಡು ಓಡುವ ಮೊದಲು 'ಕಿನ್ನರಿ'ಯನ್ನು ನೆನೆಯಿರಿ. ಹೀಬ್ರೂವಿನಲ್ಲಿ ಆ ವಾದ್ಯ 'ಕಿನ್ನೋರ್', ಕನ್ನಡ ಬೈಬಲಿನಲ್ಲಿ 'ಕಿನ್ನರಿ'. ಎಷ್ಟು ಚೆನ್ನಾಗಿ ಹೊಂದುತ್ತದೆ! ಆದರೆ ನಮ್ಮ ಜೋಗಿಗಳ ಕಿನ್ನರಿ ಸೋರೆಬುರುಡೆ ಕಟ್ಟಿದ ಉದ್ದ ದಂಡಿ. ಅವರದು ಚೌಕಟ್ಟಿಗೆ ತಂತಿ ಕಟ್ಟಿದ್ದು. ಕಿವಿಗೆ ಒಂದೇ, ಕೈಗೆ ತೆಗೆದುಕೊಂಡರೆ ಬೇರೆ.

ಇನ್ನು ಕಿನ್ನರಿ ಮಾಡಿಸುವವರು. ಇವರಿಗೆ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ದುಡ್ಡು ಹೋಗುವುದು ಇವರದೇ.

ಶ್ರೀಗಂಧದಲ್ಲಿ ಮಾಡಿಸುವ ಆಸೆ ಬಿಡಿ. ಕೆಜಿ ಲೆಕ್ಕದಲ್ಲಿ ಮಾರುವ ಮರ ಅದು. 2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧದ ಮರ ಜಮೀನಿನವರಿಗೇ ಸೇರುತ್ತದೆ. ಆದರೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಕಾಗದ ಬೇಕೇ ಬೇಕು. ರಕ್ತಚಂದನವೂ ಅಷ್ಟೇ. 1995ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಇರುವ ಪಟ್ಟಿಯಲ್ಲಿದೆ. ಯಾರಾದರೂ 'ಒಂದು ತುಂಡು ಇದೆ, ಕಾಗದ ಇಲ್ಲ' ಎಂದರೆ ದೂರ ಇರಿ. ನಾಟಕದ ವಾದ್ಯಕ್ಕೆ ಜೈಲಿಗೆ ಹೋಗುವುದು ಬೇಡ.

ಕೈಯಲ್ಲಿ ಸ್ವಲ್ಪ ಹಣ ಇದೆ, ನುಡಿಸುವಂತೆಯೂ ಇರಬೇಕು ಎಂದರೆ ಹಲಸು ತೆಗೆದುಕೊಳ್ಳಿ. ಮೃದಂಗ, ವೀಣೆ ಎರಡಕ್ಕೂ ಒಗ್ಗಿದ ಮರ. ಹಗುರ, ನಾದ ಇದೆ, ಹಳದಿ ಬಣ್ಣ ಬರಬರುತ್ತ ಕಂದಾಗುತ್ತದೆ. ಕೆಂಪು ಛಾಯೆ ಬೇಕು, ಅಂದ ಮುಖ್ಯ ಎಂದರೆ ಹೊನ್ನೆ ನೋಡಿ. ರಕ್ತಚಂದನದ ಒಡಹುಟ್ಟು ಎಂದು ಹೇಳಿದೆನಲ್ಲ. ಅದರ ಗೋಂದೂ ರಕ್ತದ ಬಣ್ಣದ್ದೇ. ಭಾರ ಜಾಸ್ತಿ, ಸಣ್ಣ ಮಕ್ಕಳ ಕೈಗೆ ಕಷ್ಟ. ಇದಕ್ಕೂ ಬಿಲ್ ಇರುವ ಮರವನ್ನೇ ಕೊಳ್ಳಿ.

ದುಡ್ಡು ಕಡಿಮೆ, ನುಡಿಸುವುದು ಬೇಕಿಲ್ಲ, ಹಿಡಿದು ನಿಂತರೆ ಸಾಕು ಎಂದರೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆಮರ ಸಾಕು. ನುಣುಪಾಗಿ ತಿರುಗುತ್ತದೆ, ಅರಗು ಹಚ್ಚಿದರೆ ಮಿರಮಿರ ಮಿಂಚುತ್ತದೆ. ಬಣ್ಣ ಹಾಕದೆ ಬರೀ ಹೊಳಪು ಕೊಡಿಸಿ. ಕೆಂಪು ಇರಬೇಕಿತ್ತಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಜೋಸೆಫಸ್ ಹೇಳಿದ್ದನ್ನು ಓದಿ ತೋರಿಸಿ. ಅಂಜೂರದ ಮರದ ಹಾಗೆ, ಆದರೆ ಇನ್ನೂ ಬಿಳುಪು, ಇನ್ನೂ ಹೊಳಪು.